ಕಂಪ್ಯೂಟರ್ ಪಾಠಕ್ಕೆ ಆವೃತ್ತಿ, ತಾರೀಖು ಎರಡೂ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕಂಪ್ಯೂಟರ್ ಅಂಕಣದಲ್ಲಿ ಇತ್ತೀಚೆಗೆ ಬಂದ ಕನ್ನಡ ಟೈಪಿಂಗ್ ವಿವರಣೆ ಸುಳ್ಳೇನಲ್ಲ, ಆದರೆ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ‘ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ ತೆರೆದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಫೈಲುಗಳಿಗೆ ಟಿಕ್ ಹಾಕಿ, ಕೇಳಿದಾಗ ವಿಂಡೋಸ್ ಸಿ.ಡಿ. ಹಾಕಿ ಎನ್ನುತ್ತದೆ ಅದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿಯಿತು. ಅದರ ಮುಂದಿನ ವಿಸ್ಟಾದಿಂದಲೇ ಆ ಟಿಕ್ ಹಾಕುವ ಜಾಗ ಹೋಯಿತು. ಕನ್ನಡ ಅಕ್ಷರಗಳನ್ನು ಕೂಡಿಸಿ ತೋರಿಸುವ ಏರ್ಪಾಡು ವಿಂಡೋಸ್ ಜೊತೆಗೇ ಬರುತ್ತದೆ. ಸಿ.ಡಿ. ಹಾಕೋಣವೆಂದರೆ ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಿಗೆ ಆ ಡ್ರೈವೇ ಇಲ್ಲ.

ಇದೇ ಪಾಠ ದಾವಣಗೆರೆಯ ತರಬೇತಿ ಕೇಂದ್ರಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಜೆರಾಕ್ಸಿನ ಜೆರಾಕ್ಸಾಗಿ ಇನ್ನೂ ಓಡಾಡುತ್ತಿದೆ. ಕೈ ಪಳಗಿದ ಆಪರೇಟರಿಗೆ ಇದರಿಂದ ತೊಂದರೆಯಿಲ್ಲ. ಹಾಳೆಯಲ್ಲಿ ಒಂದು ಬರೆದಿದ್ದರೆ ಪರದೆಯ ಮೇಲೆ ಇನ್ನೊಂದು ಕಂಡರೂ ಅವರು ಅಂದಾಜಿನ ಮೇಲೆ ದಾಟಿಕೊಂಡು ಹೋಗುತ್ತಾರೆ. ಜಗಳೂರಿನಲ್ಲೋ ಹೊಸದುರ್ಗದಲ್ಲೋ ಮೊದಲ ಸಲ ಮೌಸ್ ಹಿಡಿದವರು ಮಾತ್ರ ಎರಡನೇ ಸಾಲಿಗೇ ನಿಂತುಬಿಡುತ್ತಾರೆ, ತಪ್ಪು ತಮ್ಮದೇ ಇರಬೇಕು ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಕಂಪ್ಯೂಟರ್ ಪಾಠ ಕಡಿಮೆ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಇರುವ ಪಾಠವನ್ನು ಯಾರೂ ತಿದ್ದುವುದಿಲ್ಲ ಎಂಬುದೇ ನಮ್ಮ ತಕರಾರು. ಆದ್ದರಿಂದ ಈ ಪತ್ರದಲ್ಲಿ ಮೊದಲು ಅಂಕಣದ ತಪ್ಪುಗಳನ್ನು ತಿದ್ದಿ, ಆಮೇಲೆ ತಿದ್ದುವ ಕ್ರಮವನ್ನು ಹೇಳುತ್ತೇವೆ.

ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಮತ್ತು ಐ ಕೀ ಒಟ್ಟಿಗೆ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್’, ಅದರೊಳಗೆ ‘ಲ್ಯಾಂಗ್ವೇಜ್ ಆ್ಯಂಡ್ ರೀಜನ್’, ಅದರಲ್ಲಿ ‘ಆ್ಯಡ್ ಎ ಲ್ಯಾಂಗ್ವೇಜ್’. ಕನ್ನಡ ಆರಿಸಿ ‘ನೆಕ್ಸ್ಟ್’ ಒತ್ತಿದ ಮೇಲೆ ಬರುವ ಪಟ್ಟಿಯಲ್ಲಿ ಕೆಲವು ಟಿಕ್‌ಗಳು ಮೊದಲೇ ಬಿದ್ದಿರಬಹುದು. ಟೈಪಿಂಗ್ ಒಂದೇ ಸಾಕೆನ್ನುವವರು ‘ಲ್ಯಾಂಗ್ವೇಜ್ ಪ್ಯಾಕ್’ ಮತ್ತು ‘ಸೆಟ್ ಆ್ಯಸ್ ಮೈ ವಿಂಡೋಸ್ ಡಿಸ್‌ಪ್ಲೇ ಲ್ಯಾಂಗ್ವೇಜ್’ ಎರಡರ ಟಿಕ್ಕನ್ನೂ ತೆಗೆಯಬೇಕು. ಎರಡನೆಯದನ್ನು ಬಿಟ್ಟರೆ ಸೈನ್ ಔಟ್ ಮಾಡಿ ಬಂದ ಮೇಲೆ ಇಡೀ ವಿಂಡೋಸ್ ಕನ್ನಡಕ್ಕೆ ತಿರುಗಿರುತ್ತದೆ. ಕನ್ನಡ ಮೆನು ಬೇಕೆಂದು ಆರಿಸಿಕೊಂಡವರಿಗೆ ಅದು ಸಂತೋಷವೇ. ಗೊತ್ತಿಲ್ಲದೆ ಸಿಕ್ಕಿಬಿದ್ದವರಿಗೆ ಕೈಯಲ್ಲಿರುವ ಹಾಳೆಯ ಒಂದು ಹೆಸರೂ ಹೊಂದುವುದಿಲ್ಲ. ವಿಂಡೋಸ್ 10ರಲ್ಲೂ ದಾರಿ ಇದೇ, ಒಳಗಿನ ಪುಟದ ಹೆಸರು ಬರೀ ‘ಲ್ಯಾಂಗ್ವೇಜ್’.

ಭಾಷೆ ಸೇರಿದ ಮೇಲೆ ಅದರ ಸಾಲಿನ ಮೂರು ಚುಕ್ಕಿ ಒತ್ತಿ ‘ಲ್ಯಾಂಗ್ವೇಜ್ ಆಪ್ಷನ್ಸ್’ಗೆ ಹೋದರೆ ಕೀಬೋರ್ಡ್‌ಗಳ ಪಟ್ಟಿ ಇರುತ್ತದೆ. ಅದರಲ್ಲಿ ಸುಮ್ಮನೆ ‘ಕನ್ನಡ’ ಎಂದಿರುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆಂದು ಸರ್ಕಾರ ಗೊತ್ತುಪಡಿಸಿದ ಕೀಲಿಮಣೆ ವಿನ್ಯಾಸ. ‘ಕನ್ನಡ ಫೊನೆಟಿಕ್’ ಎಂಬುದು 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ, ಅಂದರೆ 1903 ಆವೃತ್ತಿಯಿಂದ ಬಂದದ್ದು. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಟೈಪ್ ಮಾಡಿದರೆ ಕನ್ನಡ ಪದಗಳನ್ನು ಮುಂದಿಡುತ್ತದೆ. ಕನ್ನಡ, ಇಂಗ್ಲಿಷ್ ನಡುವೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್. ಹಳೆಯ ಹಾಳೆಗಳಲ್ಲಿ ಗೂಗಲ್ ಇನ್‌ಪುಟ್ ಟೂಲ್ಸನ್ನು ವಿಂಡೋಸ್‌ಗೆ ಇಳಿಸಿಕೊಳ್ಳಿ ಎಂಬ ಸಾಲೂ ಇದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡುವ ಆ ಪ್ರೋಗ್ರಾಮನ್ನು ಗೂಗಲ್ ಈಗ ಕೊಡುತ್ತಿಲ್ಲ. ಹೆಸರು ಹುಡುಕಿದಾಗ ಬೇರೆ ಬೇರೆ ತಾಣಗಳಲ್ಲಿ ಸಿಗುವ ಫೈಲು ಯಾರದೋ, ಒಳಗೆ ಏನಿದೆಯೋ ಹೇಳಲು ಬಾರದು. ಆ ಸಾಲನ್ನು ಕಂಡಲ್ಲಿ ಪೆನ್ನಿನಿಂದ ಹೊಡೆದುಹಾಕುವುದೇ ಸರಿ.

ಅಂಕಣದ ದೊಡ್ಡ ತಪ್ಪು ಬೇರೆಯೇ ಇದೆ. ಯಾವ ಕೀಲಿಮಣೆ ವಿನ್ಯಾಸಕ್ಕೆ ಈ ಪಾಠ ಎಂಬುದನ್ನೇ ಅದು ಹೇಳಿಲ್ಲ. ‘ಕನ್ನಡ’ ಎಂಬ ಪದ ಟೈಪ್ ಮಾಡಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ಎಂದಿದೆ. ಇದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದು. ಅದರಲ್ಲಿ ಎಫ್ ಎಂದರೆ ಒತ್ತು ಕೊಡುವ ಕೀ, ಡಬ್ಲ್ಯೂ ಎಂದರೆ ಡ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್‌ನಲ್ಲಿ ಇದೇ ಐದು ಕೀ ಒತ್ತಿದರೆ ‘ಕಲಿಲೈ’ ಎಂದು ಬರುತ್ತದೆ. ಏಕೆಂದರೆ ಅಲ್ಲಿ ಕೆ ಮಾತ್ರ ಕ. ಎನ್ ಒತ್ತಿದರೆ ಲ, ಎಫ್ ಒತ್ತಿದರೆ ಗುಡಿಸು, ಡಬ್ಲ್ಯೂ ಒತ್ತಿದರೆ ಐತ್ವ. ಇನ್‌ಸ್ಕ್ರಿಪ್ಟ್‌ನಲ್ಲಿ ‘ಕನ್ನಡ’ಕ್ಕೆ ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣದ ಕೀ. ಅಲ್ಲಿ ಒತ್ತಿಗೆ ಡಿ. ನುಡಿಯಲ್ಲಿ ಅದೇ ಡಿ ಒತ್ತಿದರೆ ‘ದ’ ಮೂಡುತ್ತದೆ. ಸರ್ಕಾರಿ ಕಚೇರಿಗೆ ಬೇಕಾಗುವುದು ನುಡಿಯ ವಿನ್ಯಾಸ, ಹೊಸ ಲ್ಯಾಪ್‌ಟಾಪಿನಲ್ಲಿ ತಾನಾಗಿ ಸಿಗುವುದು ಇನ್‌ಸ್ಕ್ರಿಪ್ಟ್. ಎರಡೂ ಒಂದೇ ಊರಲ್ಲಿ, ಎಷ್ಟೋ ಕಡೆ ಒಂದೇ ಮೇಜಿನ ಮೇಲೆ ಇವೆ. ಪಾಠದ ತಲೆಯ ಮೇಲೆ ವಿನ್ಯಾಸದ ಹೆಸರು ಹಾಕದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಉಪಯೋಗವಿಲ್ಲ. ಇನ್ನೊಂದು ಮಾತು: ನುಡಿ ಬಳಸುವಾಗ ವಿಂಡೋಸ್ ಕೀಬೋರ್ಡ್ ಇಂಗ್ಲಿಷಿನಲ್ಲಿರಬೇಕು. ಎರಡೂ ಕಡೆ ಕನ್ನಡ ಇಟ್ಟರೆ ಒಂದರ ಮೇಲೊಂದು ಬಿದ್ದು ಅಕ್ಷರ ಕಲಸುಮೇಲೋಗರ.

ಫಾಂಟಿನ ವಿಷಯ. ‘ಫಾಂಟ್ ಪಟ್ಟಿಯಲ್ಲಿ ತುಂಗಾ ಆರಿಸಿ’ ಎಂಬುದು ಎಕ್ಸ್‌ಪಿಗೆ ಸರಿ. ವಿಂಡೋಸ್ 8ರಿಂದ ಕನ್ನಡಕ್ಕೆ ನಿರ್ಮಲಾ ಯುಐ ಬಂತು. ವಿಂಡೋಸ್ 10ರಿಂದ ತುಂಗಾ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಕಟ್ಟಿಗೆ ಸೇರಿತು. ಕನ್ನಡ ಭಾಷೆ ಸೇರಿಸಿದ ಯಂತ್ರದಲ್ಲಿ ಸಾಮಾನ್ಯವಾಗಿ ತಾನಾಗಿ ಬರುತ್ತದೆ. ಬರದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ಎಂದು ಹುಡುಕಿ ಅಲ್ಲಿಂದ ಹಾಕಿಕೊಳ್ಳಬೇಕು. ಹಳೆಯ ಕಡತ ತುಂಗಾದಲ್ಲಿದ್ದು ಯಂತ್ರದಲ್ಲಿ ತುಂಗಾ ಇಲ್ಲದಿದ್ದರೆ ಅಕ್ಷರವೇನೋ ಕಾಣುತ್ತದೆ, ಆದರೆ ಬೇರೆ ಫಾಂಟಿನಲ್ಲಿ. ಅಗಲ ಬೇರೆಯಾದ್ದರಿಂದ ಸಾಲು ಮುರಿಯುವ ಜಾಗ ಬದಲಾಗಿ, ಒಂದು ಪುಟದ ಅರ್ಜಿಯ ಸಹಿಯ ಸಾಲು ಎರಡನೇ ಪುಟಕ್ಕೆ ಜಾರುತ್ತದೆ. ಅಂಗಡಿಯಲ್ಲಿ ಇದನ್ನು ‘ಪ್ರಿಂಟರ್ ಪ್ರಾಬ್ಲಮ್’ ಎನ್ನುತ್ತಾರೆ. ಪಾಪ, ಪ್ರಿಂಟರಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಲಿಬ್ರೆ ಆಫೀಸ್ ಎಂಬ ಕಚೇರಿ ಕೆಲಸದ ಪ್ರೋಗ್ರಾಮುಗಳ ಕಟ್ಟು. ಹಣ ಕೊಡದೆ ಬಳಸಬಹುದಾದ್ದರಿಂದ ಶಾಲೆ, ಅರಿವು ಕೇಂದ್ರ, ಸಣ್ಣ ಅಂಗಡಿಗಳಿಗೆ ಹೇಳಿ ಮಾಡಿಸಿದ್ದು. 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದು ಹುಟ್ಟಿತು. ಅದರ ಕನ್ನಡ ಹಾಳೆಗಳು ಮಾತ್ರ ಇವತ್ತಿಗೂ ಓಪನ್ ಆಫೀಸಿನವೇ, ಹೆಸರು ಬದಲಿಸಿ ಜೆರಾಕ್ಸ್ ಮಾಡಿದ್ದು. ಮೆನುವಿನಲ್ಲಿ ಕದಲಿದ್ದು ಹಲವಿವೆ, ದಿನನಿತ್ಯ ತಾಗುವವನ್ನಷ್ಟೇ ಹೇಳುತ್ತೇವೆ. ‘ಫಾರ್ಮ್ಯಾಟ್’ ಮೆನುವಿನ ‘ಪೇಜ್’ ಈಗ ‘ಪೇಜ್ ಸ್ಟೈಲ್’. ‘ಇನ್ಸರ್ಟ್’ನಲ್ಲಿ ನೇರವಾಗಿದ್ದ ‘ಹೆಡರ್’ ಈಗ ‘ಹೆಡರ್ ಆ್ಯಂಡ್ ಫುಟರ್’ ಒಳಗೆ. ‘ಮ್ಯಾನ್ಯುಯಲ್ ಬ್ರೇಕ್’ ಈಗ ‘ಮೋರ್ ಬ್ರೇಕ್ಸ್’ ಒಳಗೆ. ಪಿಡಿಎಫ್ ಮಾಡುವುದು ‘ಫೈಲ್’ನಲ್ಲಿ ‘ಎಕ್ಸ್‌ಪೋರ್ಟ್ ಆ್ಯಸ್’ ಒಳಗೆ. ‘ಸ್ಟೈಲ್ಸ್ ಆ್ಯಂಡ್ ಫಾರ್ಮ್ಯಾಟಿಂಗ್’ ಎಂಬ ಕಿಟಕಿ ‘ಫಾರ್ಮ್ಯಾಟ್’ ಮೆನು ಬಿಟ್ಟು ‘ವ್ಯೂ’ಗೆ ಹೋಗಿ ‘ಸ್ಟೈಲ್ಸ್’ ಆಗಿದೆ; ಆದರೆ ಅದನ್ನು ತೆರೆಯುವ ಎಫ್11 ಕೀ ಅಂದೂ ಅದೇ, ಇಂದೂ ಅದೇ. ಪಾಠ ಬರೆಯುವವರಿಗೆ ಇಲ್ಲಿ ಒಂದು ಉಪಾಯ ಸಿಗುತ್ತದೆ: ಮೆನು ದಾರಿ ಬೇಗ ಹಳತಾಗುತ್ತದೆ, ಶಾರ್ಟ್‌ಕಟ್ ಕೀ ಅಷ್ಟು ಬೇಗ ಆಗುವುದಿಲ್ಲ. ಎರಡನ್ನೂ ಬರೆದರೆ ಒಂದು ತಪ್ಪಿದಾಗ ಇನ್ನೊಂದು ಕೈ ಹಿಡಿಯುತ್ತದೆ.

ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯವಾದ ಜಾಗವೂ ಕದಲಿದೆ. ‘ಟೂಲ್ಸ್’ನಲ್ಲಿ ‘ಆಪ್ಷನ್ಸ್’ ತೆರೆದರೆ ಮೊದಲು ‘ಲ್ಯಾಂಗ್ವೇಜ್ ಸೆಟ್ಟಿಂಗ್ಸ್’, ಅದರಡಿ ‘ಲ್ಯಾಂಗ್ವೇಜಸ್’ ಇತ್ತು. 24.8ರಲ್ಲಿ ನೋಡಿದರೆ ಅದು ‘ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್’, ಅದರಡಿ ‘ಜನರಲ್’. ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಟಿಕ್ ಹಾಕಿ ಕನ್ನಡ ಆರಿಸುವುದು ಇಲ್ಲೇ. ಇದು ಯಾಕೆ ಬೇಕೆಂದರೆ, ಅದರಲ್ಲಿ ಟೈಪ್ ಮಾಡುವ ರೈಟರ್ ಪ್ರೋಗ್ರಾಮ್ ಒಂದೇ ಅಕ್ಷರಶೈಲಿಯೊಳಗೆ ಇಂಗ್ಲಿಷಿಗೆ ಒಂದು ಫಾಂಟು, ಒಂದು ಅಳತೆ; ಕನ್ನಡಕ್ಕೆ ಬೇರೆ ಫಾಂಟು, ಬೇರೆ ಅಳತೆ ಇಟ್ಟುಕೊಂಡಿರುತ್ತದೆ. ಟಿಕ್ ಇಲ್ಲದಿದ್ದರೆ ‘ಕ್ಯಾರೆಕ್ಟರ್’ ಕಿಟಕಿಯಲ್ಲಿ ಕನ್ನಡದ ಭಾಗ ಕಾಣುವುದೇ ಇಲ್ಲ. ಆಗ ಹಾಳೆಯಲ್ಲಿ ಹೇಳಿದಂತೆ ಅಳತೆ 14 ಎಂದು ಕೊಟ್ಟರೆ ಸಾಲಿನೊಳಗಿನ ಇಂಗ್ಲಿಷ್ ಪದಗಳಷ್ಟೇ ದೊಡ್ಡದಾಗಿ, ಕನ್ನಡ 12ರಲ್ಲೇ ಕೂತಿರುತ್ತದೆ. ಟಿಕ್ ಹಾಕಿದ ಮೇಲೆ ‘ಆಪ್ಷನ್ಸ್’ನಲ್ಲೇ ‘ಲಿಬ್ರೆ ಆಫೀಸ್ ರೈಟರ್’ ಅಡಿಯಲ್ಲಿ ‘ಬೇಸಿಕ್ ಫಾಂಟ್ಸ್’ನ ಎರಡನೇ ಪುಟ, ಅಂದರೆ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂದಿರುವುದು ಬರುತ್ತದೆ. ಅಲ್ಲಿ ‘ಡೀಫಾಲ್ಟ್’ ಸಾಲಿಗೆ ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಕೊಟ್ಟರೆ ಮುಂದೆ ತೆರೆಯುವ ಎಲ್ಲ ಹೊಸ ಕಡತಕ್ಕೂ ಅದು ನಿಲ್ಲುತ್ತದೆ. ಈಗ ತೆರೆದಿರುವ ಹಳೆಯ ಕಡತಕ್ಕಲ್ಲ ಎಂಬುದನ್ನೂ ಬರೆಯಬೇಕು, ಇಲ್ಲವಾದರೆ ‘ಹಾಕಿದೆ, ಆಗಲಿಲ್ಲ’ ಎಂಬ ದೂರು ಖಾತ್ರಿ.

ಕೋರ್ಟಿನ ಸುತ್ತಮುತ್ತಲ ಟೈಪಿಂಗ್ ಅಂಗಡಿಗಳಿಗೆ ಬೇಕಾಗುವ ಒಂದು ಪಾಠವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇ-ಸ್ಟಾಂಪ್ ಕಾಗದದ ಮೇಲ್ಭಾಗದಲ್ಲಿ ಛಾಪಾ ಮುದ್ರಣವಿದ್ದು, ಕರಾರುಪತ್ರ ಅದರ ಕೆಳಗೆ ಶುರುವಾಗಬೇಕು. ಚಾಲ್ತಿಯಲ್ಲಿರುವ ಹಾಳೆಗಳು ಇದಕ್ಕೆ ‘ಬೇಕಾದಷ್ಟು ಸಲ ಎಂಟರ್ ಒತ್ತಿ’ ಎನ್ನುತ್ತವೆ. ಫಾಂಟು ಬದಲಾದರೆ, ಮೇಲೆ ಒಂದು ಖಾಲಿ ಸಾಲು ಅಳಿದರೆ ಅಷ್ಟೂ ಜಾರಿ, ಮೊದಲ ಸಾಲು ಛಾಪಾದ ಮೇಲೇ ಮುದ್ರಣವಾಗುತ್ತದೆ; ಕಾಗದದ ಹಣ ಹೋಯಿತು. ಸರಿಯಾದ ಕ್ರಮದಲ್ಲಿ ಎಂಟರ್ ಒತ್ತುವ ಕೆಲಸವೇ ಇಲ್ಲ. ಮುದ್ರಿತ ಭಾಗ ಕಾಗದದ ಮೇಲಂಚಿನಿಂದ ಎಲ್ಲಿಗೆ ಮುಗಿಯುತ್ತದೆಂದು ಸ್ಕೇಲಿನಿಂದ ಅಳೆದು ಒಂದು ಸೆಂಟಿಮೀಟರ್ ಸೇರಿಸಿಕೊಳ್ಳಿ. ಕರ್ಸರನ್ನು ಮೊದಲ ಪುಟದಲ್ಲಿಟ್ಟು ಎಫ್11 ಒತ್ತಿ, ಸ್ಟೈಲ್ಸ್ ಕಿಟಕಿಯ ಮೇಲಿನ ಗುರುತುಗಳಲ್ಲಿ ಪೇಜ್ ಸ್ಟೈಲ್ ಆರಿಸಿ, ‘ಫಸ್ಟ್ ಪೇಜ್’ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಈಗ ‘ಫಾರ್ಮ್ಯಾಟ್’ನಲ್ಲಿ ‘ಪೇಜ್ ಸ್ಟೈಲ್’ ತೆರೆದರೆ ಈ ಮೊದಲ ಪುಟದ ಶೈಲಿಯೇ ಬರುತ್ತದೆ. ‘ಪೇಜ್’ ಹಾಳೆಯಲ್ಲಿ ಕಾಗದದ ಅಳತೆ ಆರಿಸಿ (ಎ4 ಆದರೆ 21 × 29.7 ಸೆಂ.ಮೀ., ಲೀಗಲ್ ಆದರೆ 21.59 × 35.56), ಮೇಲಿನ ಮಾರ್ಜಿನ್‌ಗೆ ಅಳೆದುಕೊಂಡ ಸಂಖ್ಯೆ ಕೊಡಿ. ‘ಫಸ್ಟ್ ಪೇಜ್’ ಶೈಲಿಯ ಮುಂದಿನ ಶೈಲಿ ‘ಡೀಫಾಲ್ಟ್ ಪೇಜ್ ಸ್ಟೈಲ್’ ಎಂದೇ ಇರುವುದರಿಂದ ಎರಡನೇ ಪುಟ ತಾನಾಗಿ ಮಾಮೂಲಿ ಮಾರ್ಜಿನ್‌ಗೆ ಬರುತ್ತದೆ. ಆ ಶೈಲಿಗೂ ಕಾಗದದ ಅಳತೆ ಒಂದೇ ಇದೆಯೇ ಎಂದು ಮಾತ್ರ ನೋಡಬೇಕು. ಪಿಡಿಎಫ್ ಮಾಡಿ ಪ್ರಿಂಟ್ ಹಾಕುವವರು ಪ್ರಿಂಟ್ ಕಿಟಕಿಯಲ್ಲಿ ‘ಫಿಟ್’ ಬಿಟ್ಟು ‘ಆ್ಯಕ್ಚುವಲ್ ಸೈಜ್’ ಇಡಬೇಕು. ‘ಫಿಟ್’ ಪುಟವನ್ನು ಕುಗ್ಗಿಸಿದರೆ ಸ್ಕೇಲಿನಿಂದ ಅಳೆದದ್ದೆಲ್ಲ ದಂಡ. ಮೊದಲು ಬಿಳಿ ಹಾಳೆಗೆ ಪ್ರಿಂಟ್ ಹಾಕಿ, ಇ-ಸ್ಟಾಂಪ್ ಕಾಗದದ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ.

ಪ್ರಿಂಟರಿನ ಬಗ್ಗೆಯೇ ಒಂದು ಸಾಲು: ಎರಡು ಪ್ರಿಂಟರ್ ಇರುವ ಅಂಗಡಿಯಲ್ಲಿ ‘ಡೀಫಾಲ್ಟ್’ ತಾನಾಗಿ ಬದಲಾಗುತ್ತಿದ್ದರೆ, ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ಪುಟದಲ್ಲಿ ‘ಲೆಟ್ ವಿಂಡೋಸ್ ಮ್ಯಾನೇಜ್ ಮೈ ಡೀಫಾಲ್ಟ್ ಪ್ರಿಂಟರ್’ ಆಫ್ ಮಾಡಬೇಕು. ವಿಂಡೋಸ್ 7ರ ಹಾಳೆಗಳಲ್ಲಿ ಇದು ಇರುವುದು ಸಾಧ್ಯವೇ ಇಲ್ಲ, ಆಗ ಆ ಸೌಲಭ್ಯವೇ ಇರಲಿಲ್ಲ.

ಕೆಲವು ಹಳೆಯ ಪ್ರೋಗ್ರಾಮ್‌ಗಳ ಸಹಾಯ ಕಡತ ತೆರೆಯುವುದೇ ಇಲ್ಲ. ಎಚ್‌ಎಲ್‌ಪಿ ಎಂದು ಕೊನೆಯಾಗುವ ಕಡತಗಳನ್ನು ತೋರಿಸುತ್ತಿದ್ದ ವಿನ್‌ಹೆಲ್ಪ್ ಪ್ರೋಗ್ರಾಮನ್ನು ಮೈಕ್ರೋಸಾಫ್ಟ್ ವಿಸ್ಟಾದಿಂದಲೇ ಕೈಬಿಟ್ಟಿತು; 8.1ರವರೆಗೆ ಬೇರೆಯಾಗಿ ಇಳಿಸಿಕೊಳ್ಳಬಹುದಿತ್ತು, 10ಕ್ಕೆ ಅದೂ ಇಲ್ಲ. ಅದರ ನಂತರ ಬಂದ ಸಿಎಚ್‌ಎಂ ಎಂಬ ಬಗೆಯ ಸಹಾಯ ಕಡತ ಇನ್ನೂ ತೆರೆಯುತ್ತದೆ, ಆದರೆ ಇಂಟರ್ನೆಟ್ಟಿನಿಂದ ಅಥವಾ ವಾಟ್ಸ್‌ಆ್ಯಪ್‌ನಿಂದ ಬಂದದ್ದಾದರೆ ಎಡಗಡೆ ವಿಷಯಸೂಚಿ ಕಂಡು ಬಲಗಡೆ ಖಾಲಿ ಬರುವುದುಂಟು. ಕಡತ ಕೆಟ್ಟಿಲ್ಲ. ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ಕೆಳಭಾಗದಲ್ಲಿ ‘ಅನ್‌ಬ್ಲಾಕ್’ ಟಿಕ್ ಮಾಡಿದರೆ ಸರಿಹೋಗುತ್ತದೆ. ನೆಟ್‌ವರ್ಕಿನಲ್ಲಿ ಇನ್ನೊಂದು ಕಂಪ್ಯೂಟರಿನ ಫೋಲ್ಡರಿನಿಂದ ತೆರೆದರೂ ಹೀಗೇ ಆಗುತ್ತದೆ. ತಮ್ಮ ಡಿಸ್ಕಿಗೆ ಕಾಪಿ ಮಾಡಿಕೊಂಡು ತೆರೆಯಬೇಕು. ಫೋಲ್ಡರಿನ ಹೆಸರಿನಲ್ಲಿ # ಚಿಹ್ನೆ ಇದ್ದರೂ ಪುಟ ಬರುವುದಿಲ್ಲ. ಕನ್ನಡದಲ್ಲಿ ಸಿಎಚ್‌ಎಂ ಮಾಡಹೊರಟವರಿಗೆ ಇನ್ನೊಂದು ಅಡ್ಡಿ: ಅದರ ವಿಷಯಸೂಚಿ, ಅಕಾರಾದಿ ಎರಡೂ ಯುನಿಕೋಡ್‌ಗಿಂತ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಹಿಂದಿನ ಕೋಡ್ ಪೇಜ್ ಪದ್ಧತಿಯವು, ಕನ್ನಡಕ್ಕೆ ಅಂಥ ಕೋಡ್ ಪೇಜೇ ಇಲ್ಲ. ಆದ್ದರಿಂದ ಸೂಚಿಯಲ್ಲಿ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಹೊಸದಾಗಿ ಮಾಡುವವರು ಸಾದಾ ಎಚ್‌ಟಿಎಂಎಲ್ ಪುಟ ಮಾಡುವುದೇ ಲೇಸು. ಲಿಬ್ರೆ ಆಫೀಸ್ ಕೂಡ ಈಗ ಸಹಾಯವನ್ನು ಬ್ರೌಸರಿನಲ್ಲೇ ತೋರಿಸುತ್ತಿದೆ.

ನುಡಿ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ, ಅಂದರೆ ಯುನಿಕೋಡ್ ಅಲ್ಲದ ‘ಆಸ್ಕಿ’ಯಲ್ಲಿ ಟೈಪ್ ಮಾಡಿದ ಕೈಪಿಡಿಗಳದ್ದು ಮತ್ತೊಂದು ಪಾಡು. ಕಣ್ಣಿಗೆ ಕನ್ನಡ ಕಂಡರೂ ಕಡತದೊಳಗೆ ಇರುವುದು ಇಂಗ್ಲಿಷ್ ಮತ್ತು ಚಿತ್ರವಿಚಿತ್ರ ಗುರುತುಗಳು. ಅದನ್ನು ಪಿಡಿಎಫ್ ಮಾಡಿ ‘ಮುದ್ರಣ’ ಎಂದು ಹುಡುಕಿದರೆ ಒಂದೂ ಸಿಗದು. ದೃಷ್ಟಿದೋಷವುಳ್ಳವರ ಸ್ಕ್ರೀನ್ ರೀಡರ್ ಏನೇನೋ ಓದುತ್ತದೆ. ತಿದ್ದುವ ಮೊದಲ ಹೆಜ್ಜೆಯೇ ಯುನಿಕೋಡ್‌ಗೆ ಪರಿವರ್ತನೆ. ಪರಿವರ್ತಕ ಓಡಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಅರ್ಕಾವತ್ತು ಇರುವ ಪದಗಳು (ಕಾರ್ಯ, ವರ್ಗ), ಎರಡು ಒತ್ತು ಸೇರಿದ ಪದಗಳು (ರಾಷ್ಟ್ರ, ಶಾಸ್ತ್ರ), ಉದ್ಧರಣ ಚಿಹ್ನೆಗಳು ಇವನ್ನು ಕಣ್ಣಲ್ಲೇ ನೋಡಬೇಕು. ಕಂಪ್ಯೂಟರ್ ಕೈಪಿಡಿಯಲ್ಲಂತೂ ನಡುನಡುವೆ ಇಂಗ್ಲಿಷ್ ಮೆನು ಹೆಸರು ಇದ್ದೇ ಇರುತ್ತವೆ. ಪರಿವರ್ತಕಕ್ಕೆ ಅವೂ ಆಸ್ಕಿ ಕನ್ನಡವೆಂದೇ ಲೆಕ್ಕ, ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತವೆ. ಮೂಲದ ಒಂದು ಪ್ರಿಂಟ್ ಪಕ್ಕದಲ್ಲಿಟ್ಟುಕೊಂಡು ಅಷ್ಟನ್ನೂ ಕೈಯಿಂದ ತುಂಬಬೇಕು.

ತಿದ್ದಿದ ಪಾಠವನ್ನು ಪರೀಕ್ಷೆ ಮಾಡುವುದು ಎಲ್ಲಿ? ಬರೆದವರ ಕಂಪ್ಯೂಟರಿನಲ್ಲಂತೂ ಅಲ್ಲ. ಅಲ್ಲಿ ಕನ್ನಡ ಭಾಷೆ ಸೇರಿಸಿ, ಟಿಕ್ ಹಾಕಿ, ಫಾಂಟ್ ಇಟ್ಟು ವರ್ಷಗಳಾಗಿರುತ್ತವೆ. ಬಿಟ್ಟುಹೋದ ಹಂತ ಗೊತ್ತಾಗುವುದೇ ಇಲ್ಲ. ಲಿಬ್ರೆ ಆಫೀಸಿನ ‘ಹೆಲ್ಪ್’ ಮೆನುವಿನಲ್ಲಿ ‘ರೀಸ್ಟಾರ್ಟ್ ಇನ್ ಸೇಫ್ ಮೋಡ್’ ಇದೆ. ತೆರೆದುಕೊಂಡ ಕಿಟಕಿಯಲ್ಲಿ ಬೇರೇನೂ ಮುಟ್ಟದೆ ‘ಕಂಟಿನ್ಯೂ ಇನ್ ಸೇಫ್ ಮೋಡ್’ ಒತ್ತಿದರೆ, ಇಂದು ತಾನೇ ಇನ್‌ಸ್ಟಾಲ್ ಮಾಡಿದಂತೆ ತಾತ್ಕಾಲಿಕ ಸೆಟ್ಟಿಂಗ್‌ಗಳಲ್ಲಿ ಓಡುತ್ತದೆ. ಮುಚ್ಚಿದ ಮೇಲೆ ತಮ್ಮ ಹಳೆಯ ಸೆಟ್ಟಿಂಗ್ ಹಾಗೇ ವಾಪಸ್. ವಿಂಡೋಸ್ ಪಾಠಕ್ಕಾದರೆ ಹೊಸ ಯೂಸರ್ ಖಾತೆ ಮಾಡಿ ಅದರಲ್ಲಿ ನಡೆಸಿ ನೋಡಬೇಕು. ಹಾಳೆಯನ್ನು ಬರೆದವರು ಓದಿ ಹೇಳಿ, ಪ್ರೋಗ್ರಾಮ್ ಗೊತ್ತಿಲ್ಲದ ಇನ್ನೊಬ್ಬರು ಹೇಳಿದಷ್ಟೇ ಒತ್ತಬೇಕು. ಅವರ ಕೈ ಎಲ್ಲಿ ನಿಂತಿತೋ ಆ ಸಾಲೇ ತಿದ್ದಬೇಕಾದ ಸಾಲು.

ಪರದೆಯ ಚಿತ್ರ ಹಾಕುವುದಾದರೆ ಇಡೀ ಪರದೆ ಬೇಡ. ವಿಂಡೋಸ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಸಂಬಂಧಪಟ್ಟ ಕಿಟಕಿಯಷ್ಟನ್ನೇ ಕತ್ತರಿಸಿಕೊಳ್ಳಿ. ಟಾಸ್ಕ್‌ಬಾರ್, ಹಿನ್ನೆಲೆ ಚಿತ್ರ ಸೇರಿದಷ್ಟೂ ಬೇಗ ಹಳತಾಗಿ ಕಾಣುತ್ತದೆ. ಮೆನು ಹೆಸರನ್ನು ಪರದೆಯ ಮೇಲೆ ಹೇಗಿದೆಯೋ ಹಾಗೇ ಕೊಡಿ, ಸ್ವಂತ ಕನ್ನಡ ಹೆಸರು ಕಟ್ಟಿ ಕೊಟ್ಟರೆ ಓದುವವರು ಅದನ್ನು ಎಲ್ಲಿ ಹುಡುಕಬೇಕು?

ಇದೆಲ್ಲ ನಮ್ಮ ನಮ್ಮ ಹಾಳೆಯ ಮಾತಾಯಿತು. ಪ್ರೋಗ್ರಾಮಿನ ಸ್ವಂತ ಸಹಾಯಪುಟದಲ್ಲೇ ತಪ್ಪಿದ್ದರೆ ಅದನ್ನೂ ಹೊರಗಿನವರು ತಿದ್ದಿಸಬಹುದು, ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶದಲ್ಲಿ. ಎಫ್1 ಒತ್ತಿದಾಗ ಬರುವ ಪುಟ ಯಾವ ಆವೃತ್ತಿಯದೆಂದು ಮೊದಲು ನೋಡಿ. ವಿಂಡೋಸ್‌ನಲ್ಲಿ ಸಹಾಯದ ಕಟ್ಟು ಬೇರೆಯೇ ಇನ್‌ಸ್ಟಾಲ್ ಆಗುವುದರಿಂದ, ಅದಿಲ್ಲದಿದ್ದರೆ ಪುಟ ಇಂಟರ್ನೆಟ್ಟಿನಿಂದ ತೆರೆಯುತ್ತದೆ. ‘ಹೆಲ್ಪ್’ನ ‘ಅಬೌಟ್’ನಲ್ಲಿ ಪ್ರೋಗ್ರಾಮಿನ ಆವೃತ್ತಿ ಸಿಗುತ್ತದೆ. ಎರಡೂ ಹೊಂದಿಯೂ ತಪ್ಪಿದ್ದರೆ, ಲಿಬ್ರೆ ಆಫೀಸನ್ನು ನಡೆಸುವ ಡಾಕ್ಯುಮೆಂಟ್ ಫೌಂಡೇಶನ್‌ನ ಬಗ್‌ಜಿಲ್ಲಾ ಎಂಬ ದೂರು ತಾಣದಲ್ಲಿ ಖಾತೆ ತೆರೆದು, ‘ಡಾಕ್ಯುಮೆಂಟೇಶನ್’ ವಿಭಾಗ ಆರಿಸಿ ದೂರು ದಾಖಲಿಸಬೇಕು. ‘ಸಹಾಯ ಸರಿಯಿಲ್ಲ’ ಎಂದು ಬರೆದರೆ ಯಾರೂ ಮುಟ್ಟುವುದಿಲ್ಲ. ಪುಟದ ವಿಳಾಸ, ಅದರಲ್ಲಿರುವ ವಾಕ್ಯ, ಪರದೆಯ ಮೇಲೆ ನಿಜವಾಗಿ ಕಾಣುವುದು, ಆವೃತ್ತಿ ಸಂಖ್ಯೆ, ಇರಬೇಕಾದ ವಾಕ್ಯ: ಇಷ್ಟಿದ್ದರೆ ತಿದ್ದುವವರ ಕೆಲಸ ಹಗುರ. ಒಂದು ದೂರಿಗೆ ಒಂದೇ ತಪ್ಪು.

ಕನ್ನಡ ಅನುವಾದದ ತಪ್ಪಾದರೆ ದಾರಿ ಬೇರೆ: ಅದೇ ಸಂಸ್ಥೆಯ ವೆಬ್‌ಲೇಟ್ ತಾಣ. ಅಲ್ಲಿ ಪ್ರೋಗ್ರಾಮಿನ ಮೆನು ಪದಗಳು ಒಂದು ಕಡೆ, ಸಹಾಯಪುಟದ ವಾಕ್ಯಗಳು ಇನ್ನೊಂದು ಕಡೆ ಇವೆ. ಎರಡಕ್ಕೂ ತಾನಾಗಿ ಕೊಂಡಿ ಇಲ್ಲ. ಮೆನುವಿನಲ್ಲಿ ಒಂದು ಕನ್ನಡ ಪದ, ಸಹಾಯದಲ್ಲಿ ಅದಕ್ಕೇ ಇನ್ನೊಂದು ಕನ್ನಡ ಪದ ಬರುವುದು ಹೀಗೆ. ಸಹಾಯದ ವಾಕ್ಯ ಅನುವಾದಿಸುವವರು ಮೊದಲು ಮೆನು ಭಾಗದಲ್ಲಿ ಆ ಪದ ಹುಡುಕಿ, ಅಲ್ಲಿರುವುದನ್ನೇ ಅಕ್ಷರ ಬಿಡದೆ ಹಾಕಬೇಕು. ವಾಕ್ಯದೊಳಗಿನ ಕೋನಾಕಾರದ ಟ್ಯಾಗುಗಳನ್ನು ಅಳಿಸಬಾರದು; ಒಂದು ಹೋದರೂ ಆ ಪುಟದ ಕೊಂಡಿಯೋ ಚಿತ್ರವೋ ಮುರಿಯುತ್ತದೆ. ಇಂಗ್ಲಿಷ್ ಮೂಲವನ್ನು ತಿದ್ದುವವರಿಗೂ ಒಂದು ಎಚ್ಚರ: ಚಂದಕ್ಕೆಂದು ವಾಕ್ಯ ಬದಲಿಸಬೇಡಿ. ಮೂಲದ ಒಂದು ಪದ ಬದಲಾದರೂ ಎಲ್ಲ ಭಾಷೆಗಳಲ್ಲಿ ಆ ವಾಕ್ಯದ ಅನುವಾದವನ್ನು ಮತ್ತೆ ನೋಡಬೇಕಾಗುತ್ತದೆ. ಕನ್ನಡದಂಥ ಕಡಿಮೆ ಕೈಗಳಿರುವ ಭಾಷೆಗೆ ಅದು ದೊಡ್ಡ ಹೊರೆ.

ಈ ಕೆಲಸಕ್ಕೆ ದಾವಣಗೆರೆ, ಚಿತ್ರದುರ್ಗಗಳಲ್ಲಿ ಜನ ಇಲ್ಲವೆನ್ನುವಂತಿಲ್ಲ. ಎಂಜಿನಿಯರಿಂಗ್ ಕಾಲೇಜು, ವಿಶ್ವವಿದ್ಯಾಲಯ, ಪಾಲಿಟೆಕ್ನಿಕ್ ಎಲ್ಲ ಇವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಹಾಜರಾತಿ ಆ್ಯಪ್ ಮಾಡುವ ಬದಲು ಒಂದು ತಂಡ ಒಂದು ಪ್ರೋಗ್ರಾಮಿನ ಕನ್ನಡ ಸಹಾಯವನ್ನು ಪುಟಪುಟವಾಗಿ ಪರೀಕ್ಷಿಸಿ ತಿದ್ದಿಸಿದರೆ ಅದು ಊರ ಹೊರಗೂ ಉಪಯೋಗಕ್ಕೆ ಬೀಳುತ್ತದೆ. ಭಾಷೆ ಗೊತ್ತಿರುವ ಕನ್ನಡ ಅಧ್ಯಾಪಕರನ್ನೂ ಕೂಡಿಸಿಕೊಳ್ಳಬೇಕು, ಇಲ್ಲದಿದ್ದರೆ ವಾಕ್ಯಗಳು ಎಂಜಿನಿಯರಿಗೆ ಮಾತ್ರ ತಿಳಿಯುವಂತಿರುತ್ತವೆ.

ತಮ್ಮ ಪತ್ರಿಕೆಯಲ್ಲಿ ಕೋರುವುದು ಹೆಚ್ಚೇನಿಲ್ಲ. ಕಂಪ್ಯೂಟರ್ ಅಂಕಣದ ಪ್ರತಿ ಪಾಠದ ಕೆಳಗೆ ಒಂದು ಸಾಲು ಹಾಕಿ: ಯಾವ ವಿಂಡೋಸ್, ಯಾವ ಪ್ರೋಗ್ರಾಮಿನ ಯಾವ ಆವೃತ್ತಿ, ಯಾವ ಕೀಲಿಮಣೆ ವಿನ್ಯಾಸ, ಪರೀಕ್ಷಿಸಿದ ತಾರೀಖು. ತಪ್ಪು ತಿದ್ದುಪಡಿಯನ್ನು ಅದೇ ಅಂಕಣದಲ್ಲಿ, ಹಳೆಯ ಪಾಠದ ತಾರೀಖು ಹೇಳಿ ಪ್ರಕಟಿಸಿ. ಜನ ಕತ್ತರಿಸಿ ಅಂಟಿಸಿಟ್ಟುಕೊಂಡ ತುಣುಕಿನ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಅಂತರ್ಜಾಲ ಆವೃತ್ತಿಯಲ್ಲಿ ಹಳೆಯ ಪಾಠವನ್ನು ತೆಗೆದುಹಾಕುವುದು ಬೇಡ, ಮೇಲೆ ‘ಇದು ಎಕ್ಸ್‌ಪಿಗೆ’ ಎಂದು ಬರೆದು ಹೊಸದಕ್ಕೆ ಕೊಂಡಿ ಕೊಟ್ಟರೆ ಸಾಕು. ಹಳೆಯ ಯಂತ್ರ ಇಟ್ಟುಕೊಂಡವರಿಗೆ ಅದೇ ಬೇಕಾಗಬಹುದು.

ಮರುಪರೀಕ್ಷೆ ಯಾವಾಗ ಎಂಬುದಕ್ಕೂ ಲೆಕ್ಕ ಇದೆ. ಲಿಬ್ರೆ ಆಫೀಸಿನ ದೊಡ್ಡ ಆವೃತ್ತಿ ವರ್ಷಕ್ಕೆ ಎರಡು, ಸುಮಾರಾಗಿ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ. 2024ರಿಂದ ಸಂಖ್ಯೆಯೇ ವರ್ಷ, ತಿಂಗಳು ಹೇಳುತ್ತದೆ: 24.2, 24.8. ಹಾಳೆಯ ಮೇಲೆ 7.6 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆ ಕಂಡರೆ ಅದು 2024ಕ್ಕೆ ಮೊದಲಿನದು ಎಂದು ನೋಡಿದೊಡನೆ ಗೊತ್ತಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಪಾಠಗಳನ್ನು 11ರಲ್ಲಿ ನಡೆಸಿ ನೋಡುವ ಕೆಲಸ ಈಗಲೇ ಆಗಬೇಕು, ಮೊದಲಿಗೆ ಭಾಷೆ ಸೇರಿಸುವ ಪುಟ ಮತ್ತು ಪ್ರಿಂಟರ್ ಪುಟ.

ಇಂತಿ ತಮ್ಮ ವಿಶ್ವಾಸಿಗಳು,
ಕೆಲವು ಕಂಪ್ಯೂಟರ್ ಬೋಧಕರು ಮತ್ತು ಡಿಟಿಪಿ ಕೆಲಸಗಾರರು,
ದಾವಣಗೆರೆ